ಕಿಂಗ್ಸ್‌ಪೋರ್ಟ್‌ನಿಂದ ಎಲ್ಮೈರಾವರೆಗೆ: ಒಬ್ಬ ಪಿಚರ್‌ನ ಅಂಕಿಗಳ ಬೆನ್ನು ಹತ್ತಿ

1957ರ ಅಪ್ಪಲಾಚಿಯನ್ ಲೀಗಿನ ಅಂಕಿಪಟ್ಟಿಯಲ್ಲಿ, ಟೆನೆಸ್ಸಿಯ ಕಿಂಗ್ಸ್‌ಪೋರ್ಟ್ ತಂಡದ ಕೆಳಗೆ, ಒಂದು ಸಾಲು ಹೀಗಿದೆ: ಗೆಲುವು 1, ಸೋಲು 8. ಪಿಚ್ ಮಾಡಿದ್ದು 62 ಇನ್ನಿಂಗ್ಸ್. ಕೊಟ್ಟ ಹಿಟ್‌ಗಳು 22. ಸ್ಟ್ರೈಕ್‌ಔಟ್ 121. ವಾಕ್ 129. ವೈಲ್ಡ್ ಪಿಚ್ 39. ಒಂಬತ್ತು ಇನ್ನಿಂಗ್ಸಿಗೆ ಪಿಚರ್ ಲೆಕ್ಕಕ್ಕೆ ಬಿದ್ದ ರನ್ನುಗಳ ಸರಾಸರಿ 8.13.

ಹೆಸರು ಸ್ಟೀವ್ ಡಾಲ್ಕೋವ್ಸ್ಕಿ. ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಊರಿನವನು, ಎಡಗೈ ಪಿಚರ್. ವಯಸ್ಸು ಆಗ 18. ಬಾಲ್ಟಿಮೋರ್ ಓರಿಯೋಲ್ಸ್ ಕ್ಲಬ್ಬು ಅವನನ್ನು ಶಾಲೆ ಮುಗಿದ ಬೆನ್ನಲ್ಲೇ ಸಹಿ ಹಾಕಿಸಿಕೊಂಡಿತ್ತು.

ಬೇಸ್‌ಬಾಲ್ ಅಷ್ಟಾಗಿ ನೋಡದ ಓದುಗರಿಗೆ ಒಂದು ಮಾತು. ಕ್ರಿಕೆಟ್ಟಿನಲ್ಲಿ ವೈಡ್ ಹಾಕಿದರೆ ಒಂದು ರನ್ನು ಹೋಗುತ್ತದೆ, ಚೆಂಡನ್ನು ಮತ್ತೆ ಹಾಕಬೇಕು, ಅಲ್ಲಿಗೆ ಮುಗಿಯಿತು. ಇಲ್ಲಿ ಒಬ್ಬ ಬ್ಯಾಟರ್‌ಗೆ ಗುರಿ ತಪ್ಪಿದ ನಾಲ್ಕು ಚೆಂಡು ಹಾಕಿದರೆ ಅವನು ಬ್ಯಾಟು ಕೆಳಗಿಟ್ಟು ಮೊದಲ ಬೇಸಿಗೆ ನಡೆದುಕೊಂಡು ಹೋಗುತ್ತಾನೆ. ಅದೇ ವಾಕ್. ಹೀಗೆ ನಾಲ್ಕು ಜನ ಸಾಲಾಗಿ ನಡೆದರೆ ಯಾರೂ ಚೆಂಡನ್ನು ಮುಟ್ಟದೆಯೇ ಒಂದು ರನ್ನು ಬರುತ್ತದೆ. ಕ್ಯಾಚರ್ ಹಿಡಿಯಲಾಗದಷ್ಟು ಆಚೆ ಹೋದ ಚೆಂಡಿನಿಂದ ಬೇಸಿನಲ್ಲಿರುವವರು ಮುಂದಕ್ಕೋಡಿದರೆ ಅದು ವೈಲ್ಡ್ ಪಿಚ್. ಸರಿಯಾಗಿ ಬಿದ್ದೂ ಬ್ಯಾಟರ್ ಹೊಡೆಯದ ಚೆಂಡು ಸ್ಟ್ರೈಕ್; ಮೂರು ಸ್ಟ್ರೈಕ್ ಆದರೆ ಅವನು ಔಟ್, ಅದೇ ಸ್ಟ್ರೈಕ್‌ಔಟ್.

ಈಗ ಆ ಸಾಲನ್ನು ಮತ್ತೆ ನೋಡೋಣ. ಇನ್ನಿಂಗ್ಸಿಗೆ ಮೂರು ಔಟ್‌ನಂತೆ 62 ಇನ್ನಿಂಗ್ಸ್ ಎಂದರೆ 186 ಔಟ್. ಅದರಲ್ಲಿ 121 ಸ್ಟ್ರೈಕ್‌ಔಟ್. ಅಂದರೆ ಮೂರರಲ್ಲಿ ಎರಡು ಪಾಲು ಔಟ್‌ಗಳನ್ನು ಈ ಹುಡುಗ ಬೇರೆ ಆಟಗಾರರ ಕೈಗೆ ಚೆಂಡೇ ಹೋಗದಂತೆ ಪಡೆದಿದ್ದಾನೆ. ಔಟ್, ಹಿಟ್, ವಾಕ್ ಮೂರನ್ನೂ ಕೂಡಿಸಿದರೆ ಅವನು ಎದುರಿಸಿದ ಬ್ಯಾಟರ್‌ಗಳು ಸುಮಾರು 337. ಅವರಲ್ಲಿ 250 ಜನ ಒಂದೋ ಸ್ಟ್ರೈಕ್‌ಔಟ್ ಆಗಿದ್ದಾರೆ, ಇಲ್ಲವೇ ವಾಕ್ ಪಡೆದಿದ್ದಾರೆ. ನಾಲ್ವರಲ್ಲಿ ಮೂವರು! ಚೆಂಡನ್ನು ಮೈದಾನದೊಳಕ್ಕೆ ಹೊಡೆದವರು ನಾಲ್ವರಲ್ಲಿ ಒಬ್ಬರಷ್ಟೇ. ಆದರೂ 8.13 ಸರಾಸರಿಯನ್ನು ಬಿಡಿಸಿದರೆ ಸಿಗುವುದು 56 ರನ್ನು. ಹಿಟ್ 22, ರನ್ನು 56. ಇಂಥ ಜೋಡಿಯನ್ನು ನಾನು ಬೇರಾವ ಪಿಚರ್‌ನ ಸಾಲಿನಲ್ಲೂ ಕಂಡಿಲ್ಲ. ಡಾಲ್ಕೋವ್ಸ್ಕಿಯ ದಾಖಲೆಗಳ ಹಿಂದೆ ಬೀಳಲು ನನಗೆ ಈ ಎರಡು ಅಂಕಿಗಳೇ ಸಾಕಾದವು.

ಅವನ ಬಗ್ಗೆ ಕಥೆಗಳಿಗೆ ಬರವಿಲ್ಲ. ಹೆಸರಾಂತ ಬ್ಯಾಟರ್ ಟೆಡ್ ವಿಲಿಯಮ್ಸ್ ಒಂದೇ ಚೆಂಡು ನೋಡಿ ಬ್ಯಾಟು ಕೆಳಗಿಟ್ಟನೆಂಬುದು, ಅಂಪೈರನ ಮುಖಗವಸು ಮೂರು ಕಡೆ ಬಿರಿಯಿತೆಂಬುದು, ಗುರಿಯಾಗಿ ನಿಲ್ಲಿಸಿದ ಮರದ ಹಲಗೆ ಚೂರಾಯಿತೆಂಬುದು. ಇವನ್ನೆಲ್ಲ ಕೇಳಲು ನನಗೂ ಇಷ್ಟ. ಆದರೆ ತೊಳಲುತ್ತಿರುವ ಒಬ್ಬ ಎಳೆಯ ಪಿಚರ್‌ನನ್ನು ಅಳೆಯುವಾಗ ಕಥೆ ನೆರವಾಗುವುದಿಲ್ಲ, ಕಣ್ಣಿಗೆ ಮಂಜು ಕವಿಸುತ್ತದೆ. ಗೆಲುವು–ಸೋಲಿನ ಅಂಕಿಯೂ ಅಷ್ಟೇ. ಅದರಲ್ಲಿ ತಂಡದ ಬ್ಯಾಟಿಂಗ್, ಹಿಂದೆ ನಿಂತವರ ಫೀಲ್ಡಿಂಗ್, ಅದೃಷ್ಟ ಎಲ್ಲವೂ ಬೆರೆತಿರುತ್ತವೆ. ಪಿಚರ್ ಒಬ್ಬನೇ ಹೊಣೆಯಾಗಬಹುದಾದವು ಮುಖ್ಯವಾಗಿ ಸ್ಟ್ರೈಕ್‌ಔಟ್ ಮತ್ತು ವಾಕ್. ಅವೆರಡನ್ನು ವರ್ಷದಿಂದ ವರ್ಷಕ್ಕೆ ಹಿಡಿದು ನೋಡಿದರೆ ಮನುಷ್ಯ ಕಾಣತೊಡಗುತ್ತಾನೆ.

ಅದಕ್ಕೆ ಮೊದಲು ಒಂದು ಪಂದ್ಯ. 1957ರ ಆಗಸ್ಟ್ 31, ಎದುರಾಳಿ ಬ್ಲೂಫೀಲ್ಡ್. ಡಾಲ್ಕೋವ್ಸ್ಕಿ 24 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, 18 ಜನರಿಗೆ ವಾಕ್ ಕೊಟ್ಟ, ನಾಲ್ವರ ಮೈಗೆ ಚೆಂಡು ಬಡಿಸಿದ, ಆರು ವೈಲ್ಡ್ ಪಿಚ್ ಎಸೆದ. ತಂಡ 8–4ರಿಂದ ಸೋತಿತು. ಆ ಕಾಲದಲ್ಲಿ ಎಸೆತಗಳನ್ನು ಎಣಿಸಿಡುವ ರೂಢಿಯಿರಲಿಲ್ಲ. ಆದರೆ ಕನಿಷ್ಠ ಎಷ್ಟು ಎಂಬುದನ್ನು ನಾವೇ ಲೆಕ್ಕ ಹಾಕಬಹುದು. ಸ್ಟ್ರೈಕ್‌ಔಟ್‌ಗೆ ಮೂರಕ್ಕಿಂತ ಕಡಿಮೆ ಚೆಂಡು ಸಾಲದು: 72. ವಾಕ್‌ಗೆ ನಾಲ್ಕಕ್ಕಿಂತ ಕಡಿಮೆ ಸಾಲದು: ಇನ್ನೊಂದು 72. ಮೈಗೆ ಬಡಿದವು ನಾಲ್ಕು. ಒಟ್ಟು 148. ಇದು ಒಂದೂ ಫೌಲ್ ಇಲ್ಲದೆ, ಸ್ಟ್ರೈಕ್‌ಔಟ್ ಆದವರಿಗೆ ಒಂದೂ ತಪ್ಪು ಚೆಂಡು ಬೀಳದೆ, ವಾಕ್ ಪಡೆದವರಿಗೆ ಒಂದೂ ಸರಿ ಚೆಂಡು ಬೀಳದೆ, ಉಳಿದ ಬ್ಯಾಟರ್‌ಗಳನ್ನು ಲೆಕ್ಕಕ್ಕೇ ಹಿಡಿಯದೆ ಬಂದ ಅಂಕಿ. ನಿಜವಾದ ಎಣಿಕೆ 200 ದಾಟಿದ್ದರೆ ಅಚ್ಚರಿಯಿಲ್ಲ. ಇಂದು ಯಾವ ಕ್ಲಬ್ಬೂ 18ರ ಹುಡುಗನ ಕೈಯಿಂದ ಒಂದು ದಿನಕ್ಕೆ ಅದರ ಅರ್ಧದಷ್ಟು ಎಸೆತಕ್ಕಿಂತ ಹೆಚ್ಚು ಹಾಕಿಸುವುದಿಲ್ಲ. ಐದೂವರೆ ವರ್ಷಗಳ ನಂತರ ಆ ಮೊಣಕೈಗೆ ಆದದ್ದನ್ನು ಓದುವಾಗಲೆಲ್ಲ ನನಗೆ ಬ್ಲೂಫೀಲ್ಡಿನ ಆ ದಿನ ನೆನಪಾಗುತ್ತದೆ.

ಓರಿಯೋಲ್ಸ್ ಅವನಿಗೆ ಕೊಟ್ಟ ಸಹಿಹಣ 4,000 ಡಾಲರ್. ಈ ಅಂಕಿಯನ್ನು ಸುಮ್ಮನೆ ಓದಿ ಮುಂದೆ ಹೋಗುವಂತಿಲ್ಲ. ಆಗ ಜಾರಿಯಲ್ಲಿದ್ದ ಬೋನಸ್ ನಿಯಮದ ಪ್ರಕಾರ ಹೊಸ ಆಟಗಾರನಿಗೆ 4,000ಕ್ಕಿಂತ ಹೆಚ್ಚು ಕೊಟ್ಟರೆ ಎರಡು ವರ್ಷ ಅವನನ್ನು ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕಿತ್ತು. ಬ್ರೂಕ್ಲಿನ್ ಡಾಡ್ಜರ್ಸ್ ಸ್ಯಾಂಡಿ ಕೋಫ್ಯಾಕ್ಸ್‌ಗೆ 14,000 ಡಾಲರ್ ಕೊಟ್ಟಿತ್ತು. ಹಾಗಾಗಿ ಗುರಿ ನಿಲ್ಲದ ಆ ಇನ್ನೊಬ್ಬ ಎಡಗೈ ಪಿಚರ್ 1955ರಿಂದಲೇ ದೊಡ್ಡ ತಂಡದಲ್ಲಿ ಕುಳಿತ, ದೊಡ್ಡವರ ನಡುವೆಯೇ ತಪ್ಪು ಮಾಡುತ್ತ ಕಲಿತ. 1960ರ ಕೊನೆಗೆ ಕೋಫ್ಯಾಕ್ಸ್‌ನ ಲೆಕ್ಕ 36 ಗೆಲುವು, 40 ಸೋಲು. 1961ರ ವಸಂತದ ತರಬೇತಿಯಲ್ಲಿ ಕ್ಯಾಚರ್ ನಾರ್ಮ್ ಶೆರಿ ಅವನಿಗೆ ಸ್ವಲ್ಪ ಬಲ ಬಿಗಿಹಿಡಿದು ಎಸೆಯಲು ಹೇಳಿದ. ಆ ವರ್ಷ ಅವನು 18 ಗೆದ್ದ, 269 ಸ್ಟ್ರೈಕ್‌ಔಟ್ ಪಡೆದ. 

ಡಾಲ್ಕೋವ್ಸ್ಕಿಗೆ ಸಿಕ್ಕಿದ್ದು ಸಣ್ಣ ಊರುಗಳ ಏಣಿ. ಆಗ ಮೈನರ್ ಲೀಗುಗಳಿಗೆ ಡಿ, ಸಿ, ಬಿ, ಎ, ಅದರ ಮೇಲೆ ಡಬಲ್ ಎ, ಟ್ರಿಪಲ್ ಎ ಎಂಬ ದರ್ಜೆಗಳಿದ್ದವು. ಕಿಂಗ್ಸ್‌ಪೋರ್ಟ್ ಡಿ ದರ್ಜೆ. 1958ರಲ್ಲಿ ಅವನನ್ನು ನೇರವಾಗಿ ಎ ದರ್ಜೆಯ ನಾಕ್ಸ್‌ವಿಲ್‌ಗೆ ಹತ್ತಿಸಿದರು. ಅಲ್ಲಿಂದ ಬಿ ದರ್ಜೆಯ ವಿಲ್ಸನ್, ಅಲ್ಲಿಂದ ಸಿ ದರ್ಜೆಯ ಅಬರ್ಡೀನ್. ಒಂದೇ ಬೇಸಿಗೆಯಲ್ಲಿ ಮೂರು ಊರು, ಮೂರು ತಂಡ, ಪ್ರತಿಸಲವೂ ಒಂದು ಮೆಟ್ಟಿಲು ಕೆಳಕ್ಕೆ. 1959ರಲ್ಲಿ ಮತ್ತೆ ಅಬರ್ಡೀನ್, ಅನಂತರ ಡಿ ದರ್ಜೆಯ ಪೆನ್ಸಕೋಲ. ಮೂರು ವರ್ಷ ಕಳೆದರೂ ಹುಡುಗ ಹೊರಟ ಮೆಟ್ಟಿಲಿಗೇ ಬಂದು ನಿಂತಿದ್ದ. ಪೆನ್ಸಕೋಲದಲ್ಲಿ ಅವನ ಜೊತೆಗಿದ್ದ ಇನ್ನೊಬ್ಬ ಎಡಗೈ ಪಿಚರ್ ಸ್ಟೀವ್ ಬಾರ್ಬರ್. ಅವನದೂ ವೇಗ, ಅವನದೂ ಅಂಕೆಯಿಲ್ಲದ ಚೆಂಡು. ಬಾರ್ಬರ್ ಮರುವರ್ಷವೇ ಬಾಲ್ಟಿಮೋರ್ ತಂಡ ಸೇರಿದ, 1963ರಲ್ಲಿ 20 ಪಂದ್ಯ ಗೆದ್ದ. ಹಾಗಾಗಿ ಆ ಕ್ಲಬ್ಬಿಗೆ ಗುರಿ ತಪ್ಪುವ ಪಿಚರ್‌ಗಳನ್ನು ಸಹಿಸುವ ತಾಳ್ಮೆಯೇ ಇರಲಿಲ್ಲ ಎನ್ನಲು ಬರುವುದಿಲ್ಲ.

ಅಬರ್ಡೀನ್ ಎಂಬ ಹೆಸರಿನ ಬಳಿ ಹುಡುಕುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಅವನು ಪಿಚ್ ಮಾಡಿದ ಅಬರ್ಡೀನ್ ಇರುವುದು ಸೌತ್ ಡಕೋಟದಲ್ಲಿ. ಅದೇ 1958ರಲ್ಲಿ ಅವನ ಚೆಂಡಿನ ವೇಗವನ್ನು ಅಳೆದ ಅಬರ್ಡೀನ್ ಇರುವುದು ಮೇರಿಲ್ಯಾಂಡಿನಲ್ಲಿ, ಸೇನೆಯ ಶಸ್ತ್ರ ಪರೀಕ್ಷಾ ಕೇಂದ್ರ. ನಡುವೆ ಅರ್ಧ ಅಮೆರಿಕವಿದೆ. ಆ ಪರೀಕ್ಷೆಯ ಫಲಿತಾಂಶ ಗಂಟೆಗೆ 93.5 ಮೈಲಿ, ಅಂದರೆ ಸುಮಾರು 150 ಕಿಲೋಮೀಟರ್. 1946ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇನೆಯ ಉಪಕರಣವೇ ವೇಗದ ಪಿಚರ್ ಬಾಬ್ ಫೆಲ್ಲರ್‌ಗೆ 98.6 ಮೈಲಿ ತೋರಿಸಿತ್ತು. ಇದನ್ನಿಟ್ಟುಕೊಂಡು ಡಾಲ್ಕೋವ್ಸ್ಕಿಯ ವೇಗ ಬರೀ ದಂತಕಥೆ ಎಂದವರಿದ್ದಾರೆ. ಅಳತೆ ನಡೆದ ರೀತಿ ನೋಡಿ. ಹಿಂದಿನ ದಿನವಷ್ಟೇ ಅವನು ಪಂದ್ಯವಾಡಿದ್ದ. ನಿಂತು ಎಸೆಯಲು ದಿಬ್ಬ ಇರಲಿಲ್ಲ, ಸಮನೆಲ. ಉಪಕರಣದ ಕಿರಣಗಳ ಸಣ್ಣ ಕಿಂಡಿಯೊಳಗೆ ಚೆಂಡು ಹಾಯಬೇಕು. ಗುರಿಯೇ ಇಲ್ಲದವನಿಗೆ ಅದನ್ನು ಹಾಯಿಸಲು ಬಹಳ ಹೊತ್ತು ಹಿಡಿಯಿತು, ಅಷ್ಟರಲ್ಲಿ ಕೈ ಸೋತಿತ್ತು. ಎಲ್ಲಕ್ಕಿಂತ ಮುಖ್ಯ, ಅಂದು ಅಳೆದದ್ದು ಚೆಂಡು ಬ್ಯಾಟರ್ ಮುಂದಿನ ಪ್ಲೇಟಿನ ಬಳಿ ಬಂದಾಗ. ಇಂದು ಅಳೆಯುವುದು ಕೈಬಿಟ್ಟ ಕೂಡಲೆ. ಆ ದೂರದಲ್ಲಿ ಗಾಳಿ ಚೆಂಡಿನ ವೇಗದ ಸುಮಾರು ಹತ್ತನೇ ಒಂದು ಪಾಲನ್ನು ತಿನ್ನುತ್ತದೆ. ಅದನ್ನು ಸೇರಿಸಿದರೆ, ದಣಿದ ಕೈಯಿಂದ ಸಮನೆಲದ ಮೇಲೆ ಎಸೆದ ಚೆಂಡೇ 100 ಮೈಲಿಯ ಆಸುಪಾಸಿಗೆ ಬರುತ್ತದೆ. ಅವನ ಚೆಂಡು ಹಿಡಿದ ಕ್ಯಾಚರ್ ಕ್ಯಾಲ್ ರಿಪ್ಕನ್ ಸೀನಿಯರ್ 110ರ ಮೇಲಿನ ಮಾತಾಡುತ್ತಿದ್ದ. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ 93.5 ಎಂಬುದು ಅವನ ಮೇಲ್ಮಿತಿಯಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ.

1960, ಕ್ಯಾಲಿಫೋರ್ನಿಯದ ಸ್ಟಾಕ್ಟನ್: 170 ಇನ್ನಿಂಗ್ಸ್, 262 ಸ್ಟ್ರೈಕ್‌ಔಟ್, 262 ವಾಕ್. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಈ ಸರಿಸಮದ ಸೊಗಸಿಗೆ ಮರುಳಾಗಿ ಎಲ್ಲರೂ ಇದನ್ನೇ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. 1957ರಲ್ಲಿ ಒಂಬತ್ತು ಇನ್ನಿಂಗ್ಸಿಗೆ 18.7 ಇದ್ದ ವಾಕ್ ಇಲ್ಲಿ 13.9ಕ್ಕೆ ಇಳಿದಿದೆ. ಆಗಲೂ ಭಯಂಕರವೇ; ಆದರೆ ಇಳಿದಿದೆ. ಬಹುಶಃ ಇದನ್ನು ಕಂಡೇ ಕ್ಲಬ್ಬು 1961ರಲ್ಲಿ ಅವನನ್ನು ಬಿ ದರ್ಜೆಯ ಟ್ರೈ-ಸಿಟಿಗೆ ಹತ್ತಿಸಿತು. ಅಲ್ಲಿ 103 ಇನ್ನಿಂಗ್ಸ್, 150 ಸ್ಟ್ರೈಕ್‌ಔಟ್, 196 ವಾಕ್, 3 ಗೆಲುವು, 12 ಸೋಲು, ಸರಾಸರಿ 8.39. ವಾಕ್ ಮತ್ತೆ 17.1. ಐದು ವರ್ಷವಾದರೂ ಹುಡುಗ ಕಲಿತಿಲ್ಲ ಎಂದು ಬರೆದು ಕಡತ ಮುಚ್ಚಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

ಈ ಐದು ವರ್ಷ ಅವನ ಮೇಲೆ ನಡೆದ ಪ್ರಯೋಗಗಳನ್ನು ಓದಿದರೆ ಹೊಟ್ಟೆ ತೊಳಸುತ್ತದೆ. ಪಂದ್ಯಕ್ಕೆ ಮೊದಲು ಕೈ ಸೋಲುವವರೆಗೆ ಎಸೆಸಿದರು, ವೇಗ ಇಳಿದರೆ ಗುರಿ ಬರುತ್ತದೆಂದು. ಕ್ಯಾಚರನನ್ನು ತೀರ ಹತ್ತಿರ ನಿಲ್ಲಿಸಿ ಎಸೆಸಿದರು. ಪ್ಲೇಟಿನ ಎರಡೂ ಬದಿ ಬ್ಯಾಟರ್‌ಗಳನ್ನು ನಿಲ್ಲಿಸಿ ನಡುವಿನ ಓಣಿಯಲ್ಲಿ ಹಾಕು ಎಂದರು. ಬರುವ ಪ್ರತಿ ಕೋಚ್ ಒಂದೊಂದು ಮದ್ದು ಕೊಟ್ಟ. ಇತ್ತ ಅವನು ಸಂಜೆಯಾದರೆ ಕುಡಿತಕ್ಕೆ ಬಿದ್ದಿದ್ದ. ಅಂಕಿಪಟ್ಟಿಯಲ್ಲಿ ಇದಾವುದಕ್ಕೂ ಕಾಲಂ ಇಲ್ಲ.

1962ರಲ್ಲಿ ನ್ಯೂಯಾರ್ಕ್ ರಾಜ್ಯದ ಎಲ್ಮೈರಾ. ಎ ದರ್ಜೆ, ಅವನು ಅಲ್ಲಿಯವರೆಗೆ ಆಡಿದ್ದರಲ್ಲಿ ಅತಿ ಗಟ್ಟಿಯಾದ ಲೀಗುಗಳಲ್ಲಿ ಒಂದು. ಮ್ಯಾನೇಜರ್ 31ರ ಅರ್ಲ್ ವೀವರ್, ಮುಂದೆ ಬಾಲ್ಟಿಮೋರನ್ನು ವಿಶ್ವ ಸರಣಿಗೆ ಕೊಂಡೊಯ್ದವನು. ವೀವರ್ ತನ್ನ ಆಟಗಾರರಿಗೆ ಬುದ್ಧಿಶಕ್ತಿ ಪರೀಕ್ಷೆ ಮಾಡಿಸಿದ. ಡಾಲ್ಕೋವ್ಸ್ಕಿಯ ತಲೆಗೆ ಒಮ್ಮೆಲೇ ಹತ್ತು ಸೂಚನೆ ತುರುಕಬಾರದು ಎಂಬುದು ಅದರಿಂದ ಅವನು ತೆಗೆದ ತೀರ್ಮಾನ. ಆ ಪರೀಕ್ಷೆಯ ಅಂಕವನ್ನು ಹಿಡಿದು ಅವನನ್ನು ದಡ್ಡನೆಂದು ಬರೆದವರ ಮೇಲೆ ನನಗೆ ಸಿಟ್ಟಿದೆ. ಐದು ವರ್ಷ ಐವತ್ತು ಬಗೆಯಲ್ಲಿ ತಿದ್ದಿಸಿಕೊಂಡ ಯಾರ ತಲೆಯಾದರೂ ಗೊಂದಲದ ಗೂಡಾಗುತ್ತದೆ. ಏನೇ ಇರಲಿ, ವೀವರ್ ಮಾಡಿದ್ದು ಒಳ್ಳೆಯದೇ: ಸೂಚನೆ ಕಡಿಮೆ ಮಾಡಿದ. ಫಾಸ್ಟ್‌ಬಾಲ್, ಸ್ಲೈಡರ್ ಎರಡೇ ಬಗೆಯ ಎಸೆತ ಇರಲಿ. ಬಲ ತಗ್ಗಿಸಿ ಪ್ಲೇಟಿನ ನಡುವೆ ಹಾಕು. ಎರಡು ಸ್ಟ್ರೈಕ್ ಆದ ಮೇಲೆ ನಾನು ಶಿಳ್ಳೆ ಹಾಕುತ್ತೇನೆ, ಆಗ ಇರುವ ಶಕ್ತಿಯೆಲ್ಲ ಹಾಕಿ ಎಸೆ. ವೀವರ್ ಹೇಳಿಕೊಂಡದ್ದು ಹೀಗೆ.

ಫಲ: 160 ಇನ್ನಿಂಗ್ಸ್, 192 ಸ್ಟ್ರೈಕ್‌ಔಟ್, 114 ವಾಕ್, ಸರಾಸರಿ 3.04. ವಾಕ್ 17.1ರಿಂದ ಒಮ್ಮೆಗೇ 6.4ಕ್ಕೆ. ಸ್ಟ್ರೈಕ್‌ಔಟ್ 13.1ರಿಂದ 10.8ಕ್ಕೆ. ಎರಡಕ್ಕಿಂತ ಸ್ವಲ್ಪ ಹೆಚ್ಚು ಸ್ಟ್ರೈಕ್‌ಔಟ್ ಬಿಟ್ಟುಕೊಟ್ಟು ಹತ್ತಕ್ಕಿಂತ ಹೆಚ್ಚು ವಾಕ್ ಉಳಿಸಿಕೊಂಡ ವ್ಯಾಪಾರ ಇದು. ಆದರೂ ತಂಡದ ಗೆಲುವಿನ ಲೆಕ್ಕದಲ್ಲಿ ಅವನ ಹೆಸರಿನ ಮುಂದೆ 7 ಗೆಲುವು, 10 ಸೋಲು. ಅವನ ಜೀವನದ ಅತಿ ಒಳ್ಳೆಯ ವರ್ಷವನ್ನೂ ಆ ಕಾಲಂ ಸೋಲೆಂದೇ ಬರೆದುಕೊಂಡಿದೆ.

ಇಲ್ಲೇ ಒಂದು ಗಂಟು. ಎಲ್ಮೈರಾದ ಕೊನೆಯ 57 ಇನ್ನಿಂಗ್ಸಿನಲ್ಲಿ ಅವನು 110 ಸ್ಟ್ರೈಕ್‌ಔಟ್ ಪಡೆದ, 21 ವಾಕ್ ಕೊಟ್ಟ, ಅವನ ಲೆಕ್ಕಕ್ಕೆ ಬಿದ್ದದ್ದು ಒಂದೇ ರನ್ನು ಎಂದು ಹಲವು ಕಡೆ ಅಚ್ಚಾಗಿದೆ. ಇನ್ನು ಕೆಲವರು 11 ವಾಕ್ ಎನ್ನುತ್ತಾರೆ.  ಈ ಅಂಕಿಗಳನ್ನು ವರ್ಷದ ಮೊತ್ತದಿಂದ ಕಳೆದು ನೋಡಿದೆ. ರನ್ನಿನ ಲೆಕ್ಕ ಹೊಂದುತ್ತದೆ: ಉಳಿದ 103 ಇನ್ನಿಂಗ್ಸಿಗೆ ಸರಾಸರಿ 4.6 ಬರುತ್ತದೆ, ನಂಬಬಹುದು. ವಾಕ್ ಕೂಡ ಹೊಂದುತ್ತದೆ: 93, ಅಂದರೆ 8.1. ಸ್ಟ್ರೈಕ್‌ಔಟ್ ಹೊಂದುವುದಿಲ್ಲ. 192ರಲ್ಲಿ 110 ಹೋದರೆ ಉಳಿಯುವುದು 82. 103 ಇನ್ನಿಂಗ್ಸಿಗೆ 82 ಎಂದರೆ ಒಂಬತ್ತಕ್ಕೆ 7.2. ಕಿಂಗ್ಸ್‌ಪೋರ್ಟ್‌ನಲ್ಲಿ 17.6, ಸ್ಟಾಕ್ಟನ್ನಿನಲ್ಲಿ ಸುಮಾರು 14, ಟ್ರೈ-ಸಿಟಿಯಲ್ಲಿ 13 ಪಡೆದವನು ಬೇಸಿಗೆಯ ಬಹುಪಾಲು ಏಳಕ್ಕೆ ಕುಸಿದು, ಅನಂತರ ಇದ್ದಕ್ಕಿದ್ದಂತೆ 17ಕ್ಕೆ ಜಿಗಿದನೆಂದು ನಂಬಬೇಕಾಗುತ್ತದೆ. ಕೊನೆಯ ವಾರಗಳಲ್ಲಿ ಅವನು ಅದ್ಭುತವಾಗಿ ಆಡಿದ್ದನ್ನು ನಾನು ಒಪ್ಪುತ್ತೇನೆ. 110 ಎಂಬುದು ಒಬ್ಬರು ನೆನಪಿನಿಂದ ಹೇಳಿ ಉಳಿದವರು ಎತ್ತಿಕೊಂಡ ಅಂಕಿ ಎಂಬುದು ನನ್ನ ಅನುಮಾನ.

ಇಡೀ ಆಟಜೀವನದ ಮೊತ್ತಕ್ಕೂ ಎರಡು ರೂಪಗಳಿವೆ. ಒಂದು: 995 ಇನ್ನಿಂಗ್ಸ್, 1,396 ಸ್ಟ್ರೈಕ್‌ಔಟ್, 1,354 ವಾಕ್. ಇನ್ನೊಂದು: 956 ಇನ್ನಿಂಗ್ಸ್, 1,324 ಸ್ಟ್ರೈಕ್‌ಔಟ್, 1,236 ವಾಕ್. ಯಾವುದೋ ಒಂದು ತಂಡದ ಲೆಕ್ಕ ಬಿಟ್ಟುಹೋಗಿರಬೇಕು ಎಂದು ಮೊದಲಿಗೆ ಯಾರಿಗಾದರೂ ಅನಿಸುತ್ತದೆ. ವ್ಯತ್ಯಾಸ ತೆಗೆದರೆ 39 ಇನ್ನಿಂಗ್ಸಿಗೆ 118 ವಾಕ್ ಬರುತ್ತದೆ, ಒಂಬತ್ತಕ್ಕೆ 27. ಡಾಲ್ಕೋವ್ಸ್ಕಿ ಕೂಡ ಹಾಗೆ ಪಿಚ್ ಮಾಡಿದವನಲ್ಲ. ಹಾಗಾಗಿ ಒಂದು ಪಟ್ಟಿಯಿಂದ ಒಂದು ತುಂಡು ಕಳಚಿದ್ದಲ್ಲ, ಎರಡನ್ನೂ ಬೇರೆ ಬೇರೆ ಮೂಲಗಳಿಂದ ಕಟ್ಟಿದ್ದಾರೆ. ಗೆಲುವು 46, ಸೋಲು 80 ಎಂಬುದರಲ್ಲಿ ಮಾತ್ರ ಜಗಳವಿಲ್ಲ.

1963ರ ಮಾರ್ಚಿನಲ್ಲಿ ಬಾಲ್ಟಿಮೋರ್ ಕ್ಲಬ್ಬು ಅವನನ್ನು ದೊಡ್ಡ ತಂಡಕ್ಕೆ ತೆಗೆದುಕೊಳ್ಳಲು ತಯಾರಾಗಿತ್ತು. ಮೇಜರ್ ಲೀಗ್ ಸಮವಸ್ತ್ರಕ್ಕೆ ಅಳತೆ ಕೊಟ್ಟಿದ್ದ. ಯಾಂಕೀಸ್ ವಿರುದ್ಧದ ಅಭ್ಯಾಸ ಪಂದ್ಯದಲ್ಲಿ ಎಡ ಮೊಣಕೈಯಲ್ಲಿ ಏನೋ ಕಿತ್ತಿತು. ಜಿಮ್ ಬೌಟನ್ ಮೆಲ್ಲಗೆ ತಟ್ಟಿದ ಚೆಂಡು (ಬಂಟ್) ಹಿಡಿದು ಮೊದಲ ಬೇಸಿಗೆ ಎಸೆಯುವಾಗ ಎಂದು ಒಂದು ವರದಿ, ಫಿಲ್ ಲಿಂಜ್‌ಗೆ ಸ್ಲೈಡರ್ ಹಾಕುವಾಗ ಎಂದು ಇನ್ನೊಂದು. ಎರಡನೆಯದನ್ನು ಹೇಳುವವರೇ ಹೆಚ್ಚು. ಆ ವೇಗ ಮತ್ತೆ ಬರಲಿಲ್ಲ. 1964ರಲ್ಲಿ ಸ್ಟಾಕ್ಟನ್ನಿಗೆ ಮರಳಿದವನ ಸಾಲು ಓದಿದರೆ ಸಂಕಟವಾಗುತ್ತದೆ: 8 ಗೆಲುವು, 4 ಸೋಲು, 108 ಇನ್ನಿಂಗ್ಸ್, 141 ಸ್ಟ್ರೈಕ್‌ಔಟ್, ಸರಾಸರಿ 2.83. ವೇಗ ಹೋದ ಮೇಲೂ ಎಲ್ಮೈರಾದಲ್ಲಿ ಕಲಿತದ್ದು ಕೈಯಲ್ಲಿ ಉಳಿದಿತ್ತು. 1965ಕ್ಕೆ ಆಟ ಮುಗಿಯಿತು. ಅನಂತರ ಕ್ಯಾಲಿಫೋರ್ನಿಯದ ಹೊಲಗಳಲ್ಲಿ ಕೂಲಿ, ಕುಡಿತ. 1994ರಲ್ಲಿ ಊರಿಗೆ ಮರಳಿ ಆರೈಕೆ ಕೇಂದ್ರ ಸೇರಿದ. 2020ರ ಏಪ್ರಿಲ್ 19ರಂದು, 80ನೇ ವಯಸ್ಸಿನಲ್ಲಿ, ಕೋವಿಡ್ ಸೋಂಕಿನಿಂದ ತೀರಿಕೊಂಡ.

1961ರ ಶರತ್ಕಾಲದಲ್ಲಿ, ಟ್ರೈ-ಸಿಟಿಯ ಆ 8.39 ಮುಂದಿರುವಾಗ, ನಾನು ಬಾಲ್ಟಿಮೋರ್ ಕ್ಲಬ್ಬಿನ ಪರಿಶೀಲಕನಾಗಿದ್ದರೆ ಏನು ಬರೆಯಬೇಕಿತ್ತು? ಅಲ್ಲಿಯವರೆಗಿನ ದಾಖಲೆಗಳನ್ನಷ್ಟೇ ಇಟ್ಟುಕೊಂಡು ಹೇಳುವುದಾದರೆ: ಇವನನ್ನು ಬಿಡಬೇಡಿ. ಐದು ವರ್ಷ, ಏಳು ತಂಡ ಕಳೆದರೂ ಬ್ಯಾಟರ್‌ಗಳಿಗೆ ಇವನ ಚೆಂಡನ್ನು ಹೊಡೆಯಲು ಬಂದಿಲ್ಲ. ಸ್ಟಾಕ್ಟನ್ನಿನಲ್ಲಿ ಒಂದೇ ಊರು, ಒಂದೇ ತಂಡದ ಜೊತೆ ಇಡೀ ಬೇಸಿಗೆ ಇದ್ದಾಗ ವಾಕ್ ಇಳಿದಿದೆ; ಮರುವರ್ಷ ಮೇಲಿನ ದರ್ಜೆಗೆ ಹತ್ತಿಸಿದಾಗ ಮತ್ತೆ ಏರಿದೆ. ಒಬ್ಬನೇ ಕೋಚ್ ಕೊಡಿ, ಒಂದು ಊರಿನಲ್ಲಿ ಬಿಡಿ, ಎಸೆತ ಎಣಿಸಿ. ವೇಗವನ್ನು ಹೊಸದಾಗಿ ಕಲಿಸಬೇಕಿಲ್ಲ. ಅದರಲ್ಲಿ ಸ್ವಲ್ಪ ಬಿಟ್ಟುಕೊಡುವುದನ್ನು ಕಲಿಸಬೇಕು.

ಮುಂದಿನ ಕೆಲಸ 1962ರ ಎಲ್ಮೈರಾ ಪಂದ್ಯಗಳ ಅಂಕಿಪಟ್ಟಿಗಳನ್ನು (ಬಾಕ್ಸ್‌ಸ್ಕೋರು) ಅಲ್ಲಿನ ಪತ್ರಿಕೆಗಳಿಂದ ಒಂದೊಂದಾಗಿ ತೆಗೆದು, ತಿಂಗಳವಾರು ವಾಕ್ ಮತ್ತು ಸ್ಟ್ರೈಕ್‌ಔಟ್ ಕೂಡಿಸುವುದು. ಮೇ, ಜೂನ್ ತಿಂಗಳಲ್ಲೇ ವಾಕ್ ಇಳಿಯತೊಡಗಿದ್ದರೆ ಸ್ಟಾಕ್ಟನ್ನಿನಲ್ಲಿ ಶುರುವಾದದ್ದೇ ಮುಂದುವರಿದಿದೆ ಎಂದರ್ಥ. ಜುಲೈ ನಂತರ ಒಮ್ಮೆಗೇ ಬಿದ್ದಿದ್ದರೆ ವೀವರನ ಶಿಳ್ಳೆಗೆ ಪೂರ್ತಿ ಶ್ರೇಯ ಸಲ್ಲಬೇಕು. 110ರ ಅಂಕಿಯ ನಿಜವೂ ಅದೇ ಪುಟಗಳಲ್ಲಿದೆ.